ಕೂಲಿ ಏರುತ್ತೆ, ಕೂಲಿಯವನು ಏರುತ್ತಾನಾ?

ನಮ್ಮ ಸಿಂಗಟಗೆರೆ ಕಡೆ ಇಬ್ಬರು ತೋಟದವರು ಸೇರಿದರೆ ಮಾತು ಕೂಲಿಗೆ ಬಂದು ನಿಲ್ಲುತ್ತೆ. ಜಾಸ್ತಿಯಾಯ್ತು ಅನ್ನುವವರಲ್ಲಿ ನಾನೂ ಒಬ್ಬ. ಆದರೆ ಊರಿನ ಕೂಲಿ ದರ ಏರೋದು ಬೇರೆ, ಒಬ್ಬ ಆಳು ಕಡಿಮೆ ಕೂಲಿಯ ಕೆಲಸದಿಂದ ಹೆಚ್ಚಿನ ಕೂಲಿಯ ಕೆಲಸಕ್ಕೆ ಹೋಗೋದು ಬೇರೆ.

ದರಕ್ಕೆ ಕಾನೂನಿದೆ. 1948ರ ಕನಿಷ್ಠ ವೇತನ ಕಾಯ್ದೆ ಹೊಲದ ಕೂಲಿಗೂ ಇತ್ತು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ವೇತನ ಸಂಹಿತೆ ಬಂತು. ಡೆನ್ಮಾರ್ಕಿನಲ್ಲಿ ಇಂಥ ಕಾನೂನೇ ಇಲ್ಲ, ಕಾರ್ಮಿಕ ಸಂಘದವರೂ ಮಾಲೀಕರೂ ಕೂತು ದರ ಗೊತ್ತು ಮಾಡ್ತಾರೆ. ಹೇಗೇ ಮಾಡಿದರೂ ಇದು ಕೆಳಗಿನ ಮಿತಿ ಅಷ್ಟೆ. ಮೇಲೆ ಹತ್ತಲು ಎರಡು ಬೇಕು: ಕೆಲಸ ಬಿಟ್ಟು ಹೋಗುವ ಸ್ವಾತಂತ್ರ್ಯ, ಕೈಯಲ್ಲೊಂದು ಕಸುಬು.

ಹಿಂದೆ ಬಯಲುಸೀಮೆಯವರು ಕಾಫಿ ತೋಟಗಳಿಗೆ ಹೋಗುತ್ತಿದ್ದದ್ದು ಮೇಸ್ತ್ರಿ ಕೊಟ್ಟ ಮುಂಗಡದ ಮೇಲೆ. ಮುಂಗಡ ತಗೊಂಡು ಕೆಲಸ ಬಿಟ್ಟವರನ್ನು ಜೈಲಿಗೆ ಹಾಕಲು ಬ್ರಿಟಿಷರು 1859ರಲ್ಲಿ ಕಾಯ್ದೆಯನ್ನೇ ಮಾಡಿದ್ದರು. ಅದು ಹಳೇ ಕಥೆ ಅನ್ನಬೇಡಿ. ಮಗಳ ಮದುವೆಗೆ ಅಂತ ಕೇಳಿದ ಆಳಿಗೆ ನಾನೂ ಮುಂಗಡ ಕೊಟ್ಟಿದ್ದೆ. ತೀರುವ ತನಕ ಬೇರೆ ಕಡೆ ಹೋಗಬೇಡ ಅಂದಿದ್ದೆ. ಉಪಕಾರ ಮಾಡಿದೆ ಅಂದುಕೊಂಡಿದ್ದೆ. ಪಕ್ಕದ ತೋಟದಲ್ಲಿ ಹೆಚ್ಚು ಕೊಡ್ತೀವಿ ಅಂದರೂ ಅವನು ಹೋಗಲಿಲ್ಲ. ಸಾಲದ ನೆಪದಲ್ಲಿ ಬೇರೆ ಕಡೆ ದುಡಿಯದಂತೆ ಕಟ್ಟಿಹಾಕಿದರೆ ಅದೂ ಜೀತವೇ ಅಂತ 1976ರ ಕಾಯ್ದೆ ಹೇಳುತ್ತೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈಗ ಸಾಲ ಬೇರೆ, ಕೂಲಿ ಬೇರೆ ಬರೆದಿಡ್ತೀನಿ. ಎಲ್ಲಾದರೂ ದುಡಿದು ತೀರಿಸಲಿ.

ಇನ್ನು ಕಸುಬು. ಜರ್ಮನಿಯಲ್ಲಿ ಬೇಸಾಯ ಕಲಿಯೋಕೂ ಮೂರು ವರ್ಷದ ತರಬೇತಿ ಇದೆ. ಕಲಿಯುವಾಗಲೇ ಸಂಬಳ, ಮುಗಿದ ಮೇಲೆ ದೇಶವೆಲ್ಲ ಒಪ್ಪುವ ಪತ್ರ. ನಮ್ಮಲ್ಲಿ ಇಪ್ಪತ್ತು ವರ್ಷ ಅಗೆದವನಿಗೂ ನಿನ್ನೆ ಬಂದವನಿಗೂ ಒಂದೇ ಕೂಲಿ. ಹೆಂಗಸರಿಗೆ ಅದೂ ಇಲ್ಲ.

ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಶುರು ಮಾಡಿದ ಮರ ಹತ್ತುವ ತರಬೇತಿ ಮಾತ್ರ ಈ ಜರ್ಮನಿ ದಾರಿಯ ಪುಟ್ಟ ತುಂಡು. ಆರು ದಿನದ ಕಲಿಕೆ, ಹತ್ತುವ ಯಂತ್ರ, ಅಪಘಾತ ವಿಮೆ. ನನ್ನ ಆಳಿನ ಮಗ ಇದನ್ನು ಕಲಿತು ಬಂದ. ದಿನಗೂಲಿ ಬಿಟ್ಟು ಮರಕ್ಕಿಷ್ಟು ಅಂತ ತಗೋತಾನೆ. ಅಪ್ಪ ಆಯುಸ್ಸಿಡೀ ನೋಡದ ಕೂಲಿ ಇದು. ಮಳೆ ಹಿಡಿದರೆ ಕೆಲಸವಿಲ್ಲ, ಬಿದ್ದರೆ ಗತಿ ಏನು ಅನ್ನುವ ಭಯ ಇದ್ದೇ ಇದೆ. ಅದಕ್ಕೇ ವಿಮೆ ಪ್ರತಿ ವರ್ಷ ನವೀಕರಿಸಿದ್ದಾನಾ ಅಂತ ಕೇಳಿಯೇ ಮರ ಹತ್ತಿಸಿ.

ನನ್ನಂಥ ಎರಡೆಕರೆಯವನಿಗೆ ಈ ದರ ಭಾರವೇ. ಅಕ್ಕಪಕ್ಕದ ನಾಲ್ಕು ತೋಟದವರು ಸೇರಿ ಒಂದೇ ದಿನ ಕಾಯಿ ಕೀಳಿಸಿಕೊಳ್ತಿದ್ದೀವಿ. ಮೊನ್ನೆ ಕರೆದರೆ, “ಈ ವಾರ ಆಗಲ್ಲಣ್ಣ, ಬರೋ ವಾರ ಬರ್ತೀನಿ” ಅಂದ. ಕಾಯ್ತಾ ಇದ್ದೀನಿ.