ಪುಳಿಯೋಗರೆಯ ಕಡಲೆಬೀಜ, ಜೇ ಹಕ್ಕಿಯ ಹಗೇವು

ಆ ಫೋಟೊ ನೀವೂ ನೋಡಿರುತ್ತೀರಿ. ಹಿಂದೆ ಹಿಮ ಹೊದ್ದ ಬೆಟ್ಟ, ಮುಂದೆ ಚಾಚಿದ ಕೈ, ಬೆರಳ ತುದಿಯಲ್ಲಿ ಹತ್ತಿಯುಂಡೆಯಂಥ ಬೂದು ಹಕ್ಕಿ. ಸಿಯಾಟಲ್‌ನಲ್ಲೋ ವ್ಯಾಂಕೂವರ್‌ನಲ್ಲೋ ಇರುವ ಮಗಳು, ಅಳಿಯ, ಅಣ್ಣನ ಮಗ ಯಾರಾದರೂ ಮನೆಯ ವಾಟ್ಸ್‌ಆಪ್ ಗುಂಪಿಗೆ ಕಳಿಸಿರುತ್ತಾರೆ. ಅದರ ಕೆಳಗೆ ಒಬ್ಬರು 'ಎಷ್ಟು ಸಾಧು ನೋಡಿ' ಎನ್ನುತ್ತಾರೆ, ಇನ್ನೊಬ್ಬರು 'ಪಾಪ, ಹಸಿದಿರಬೇಕು' ಎನ್ನುತ್ತಾರೆ, ಮೂರನೆಯವರು 'ಪುಣ್ಯ ಬಂತು ಬಿಡು' ಎಂದು ಕೈ ಮುಗಿಯುವ ಚಿತ್ರ ಹಾಕುತ್ತಾರೆ. ಮೂರೂ ತಪ್ಪು. ಒಂದು ಕಾಲದಲ್ಲಿ ಆ ಮೂರನ್ನೂ ನಾನೇ ಬರೆದವನು, ಅದಕ್ಕೇ ಈಗ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ನನ್ನ ಹಕ್ಕಿ ಸಿಕ್ಕಿದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಮೌಂಟ್ ರೇನಿಯರ್ ಪಕ್ಕದ ನಾಚಿಸ್ ಪೀಕ್ ಸುತ್ತುದಾರಿಯಲ್ಲಿ. ಸುಮಾರು ಐದೂವರೆ ಕಿಲೋಮೀಟರ್ ನಡಿಗೆ, ಹೆಚ್ಚು ಏರಿಲ್ಲ. ಸೆಪ್ಟೆಂಬರ್ ಆದ್ದರಿಂದ ಹಕಲ್‌ಬೆರಿ ಗಿಡಗಳು ಕೆಂಪಗೆ ಹೊತ್ತಿಕೊಂಡಿದ್ದವು. ಎದುರಿಗೆ 4,392 ಮೀಟರ್ ಎತ್ತರದ ರೇನಿಯರ್. ಬಂಡೆಯ ಮೇಲೆ ಕೂತು ಡಬ್ಬಿ ತೆಗೆದೆವು. ಪುಳಿಯೋಗರೆ. ಮುಚ್ಚಳ ತೆಗೆದು ಒಂದು ನಿಮಿಷವೂ ಆಗಿರಲಿಲ್ಲ, ರೆಕ್ಕೆಯ ಸದ್ದೇ ಇಲ್ಲದೆ ಅದು ಡಬ್ಬಿಯ ಅಂಚಿನಲ್ಲಿತ್ತು. ಅನ್ನ ಬಿಟ್ಟಿತು, ಕಡಲೆಬೀಜ ಎತ್ತಿತು, ಹೋಯಿತು. ಮತ್ತೆ ಬಂತು. ಹೀಗೆ ನಾಲ್ಕು ಬಾರಿ.

ಇದರ ಹೆಸರು ಕೆನಡಾ ಜೇ. ತೂಕ ಸುಮಾರು 70 ಗ್ರಾಂ, ನಮ್ಮ ಗೊರವಂಕಕ್ಕಿಂತ ಹಗುರ. ಪುಕ್ಕ ಉಬ್ಬಿಸಿಕೊಂಡಿರುವುದರಿಂದ ಫೋಟೊದಲ್ಲಿ ದಪ್ಪಗೆ ಕಾಣುತ್ತದೆ, ಅಷ್ಟೆ. ಮುಖ ನೋಡಿದರೆ ಗೊತ್ತಾಗದಿದ್ದರೂ ಕುಲ ಕಾಗೆಯದೇ.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. ಈ ಹಕ್ಕಿಯನ್ನು ಅಲ್ಲಿನ ಚಾರಣಿಗರು 'ವಿಸ್ಕಿ ಜ್ಯಾಕ್' ಎನ್ನುತ್ತಾರೆ. ಶಿಬಿರದಲ್ಲಿ ವಿಸ್ಕಿ ಕುಡಿಯುವವರ ಸುತ್ತ ಸುಳಿಯುತ್ತಿತ್ತು, ಅದಕ್ಕೇ ಆ ಹೆಸರು ಎಂದು ನನಗೆ ಒಬ್ಬರು ಗಂಭೀರವಾಗಿಯೇ ವಿವರಿಸಿದ್ದರು. ಹೆಂಡಕ್ಕೂ ಇದಕ್ಕೂ ಸಂಬಂಧವಿಲ್ಲ. ಕ್ರೀ ಮತ್ತು ಅದರ ಸೋದರ ಭಾಷೆಗಳನ್ನಾಡುವ ಅಲ್ಲಿನ ಮೂಲನಿವಾಸಿಗಳ ಕಥೆಗಳಲ್ಲಿ ವಿಸಕೆಜಾಕ್ ಎಂಬ ಕಿಲಾಡಿ ವೀರನಿದ್ದಾನೆ. ಆ ಹೆಸರು ಇಂಗ್ಲಿಷರ ಬಾಯಲ್ಲಿ ವಿಸ್ಕಿ ಜಾನ್ ಆಗಿ, ಆಮೇಲೆ ವಿಸ್ಕಿ ಜ್ಯಾಕ್ ಆಯಿತು. ಮಡಿಕೇರಿ ಮರ್ಕೇರಾ ಆದ ಹಾಗೆ. ಪುಸ್ತಕದ ಹೆಸರೂ ನೆಟ್ಟಗೆ ನಿಂತಿದ್ದಲ್ಲ: 1957ರಲ್ಲಿ ಅಮೆರಿಕದ ಪಕ್ಷಿತಜ್ಞರ ಸಂಘ ಇದನ್ನು 'ಗ್ರೇ ಜೇ' ಎಂದು ಕರೆಯಿತು, 2018ರಲ್ಲಿ ಹಳೆಯ 'ಕೆನಡಾ ಜೇ' ವಾಪಸು ಬಂತು. ಇದು ಕೆನಡಾದ ರಾಷ್ಟ್ರಪಕ್ಷಿ ಎಂಬ ಮಾತೂ ಹರಿದಾಡುತ್ತದೆ. 2016ರಲ್ಲಿ ಅಲ್ಲಿನ ರಾಯಲ್ ಕೆನೇಡಿಯನ್ ಜಿಯಾಗ್ರಫಿಕಲ್ ಸೊಸೈಟಿ ಹಾಗೆ ಆರಿಸಿದ್ದು ನಿಜ. ಜನರ ಮತ ಹೆಚ್ಚು ಬಿದ್ದಿದ್ದು ಲೂನ್ ಎಂಬ ನೀರುಹಕ್ಕಿಗೆ, ಸರ್ಕಾರವಂತೂ ಯಾವ ಹಕ್ಕಿಗೂ ಮುದ್ರೆ ಒತ್ತಲಿಲ್ಲ.

'ಜೇ ಅಂದರೆ ನೀಲಿ ಹಕ್ಕಿ ಅಲ್ಲವೇ?' ಎಂದು ಊರಿನಿಂದ ಕೇಳುವವರಿಗೆ ಒಂದು ಕಾರಣವಿದೆ. ಬ್ರಿಟಿಷರ ಕಾಲದಲ್ಲಿ ನಮ್ಮ ನೀಲಕಂಠವನ್ನು, ಅಂದರೆ ಕರ್ನಾಟಕದ ರಾಜ್ಯಪಕ್ಷಿಯನ್ನು, ಇಂಗ್ಲಿಷಿನಲ್ಲಿ 'ಬ್ಲೂ ಜೇ' ಎನ್ನುತ್ತಿದ್ದರು. ನೀಲಕಂಠ ಜೇ ಅಲ್ಲವೇ ಅಲ್ಲ, ಅದು ಮಿಂಚುಳ್ಳಿಗೆ ಹತ್ತಿರದ ಬಳಗ. ಭಾರತದಲ್ಲಿ ನಿಜವಾದ ಜೇ ನೋಡಬೇಕಾದರೆ ಹಿಮಾಲಯಕ್ಕೇ ಹೋಗಬೇಕು.

ರೇನಿಯರ್ ಸುತ್ತ ಊಟದ ಡಬ್ಬಿಗೆ ಹೊಂಚು ಹಾಕುವ ಕಾಗೆ ಕುಲದವರು ಮೂವರು. ಫೋಟೊ ಹಾಕುವವರು ಮೂವರನ್ನೂ 'ಜೇ' ಎಂದೇ ಬರೆಯುತ್ತಾರೆ. ಬೂದು ಮೈಯದು ನಮ್ಮ ಕೆನಡಾ ಜೇ. ಕಪ್ಪು ಜುಟ್ಟು, ನೀಲಿ ಮೈಯದು ಸ್ಟೆಲ್ಲರ್ಸ್ ಜೇ. 1741ರಲ್ಲಿ ನಾವಿಕ ಬೇರಿಂಗ್‌ನ ಹಡಗಿನಲ್ಲಿ ಅಲಾಸ್ಕಾದ ದ್ವೀಪವೊಂದಕ್ಕೆ ಇಳಿದ ಜರ್ಮನ್ ನಿಸರ್ಗತಜ್ಞ ಸ್ಟೆಲ್ಲರ್, ಪುಸ್ತಕದಲ್ಲಿ ನೋಡಿದ್ದ ಅಮೆರಿಕದ ನೀಲಿ ಜೇಯ ಹೋಲಿಕೆಯನ್ನು ಈ ಹಕ್ಕಿಯಲ್ಲಿ ಕಂಡು, ತಾವು ತಲುಪಿದ್ದು ಅಮೆರಿಕವೇ ಎಂದು ತೀರ್ಮಾನಿಸಿದ. ಅದರ ನೀಲಿ ವರ್ಣದ್ರವ್ಯದ್ದಲ್ಲ, ಪುಕ್ಕದ ಒಳರಚನೆ ಬೆಳಕನ್ನು ಚದುರಿಸುವ ಚಮತ್ಕಾರ. ಬೆಳಕು ಹಿಂದಿನಿಂದ ಬಿದ್ದಾಗ ಫೋಟೊದಲ್ಲಿ ಮಂಕಾದರೆ ಕ್ಯಾಮೆರಾವನ್ನು ಬೈಯಬೇಡಿ. ಮೂರನೆಯದು ಕ್ಲಾರ್ಕ್ಸ್ ನಟ್‌ಕ್ರ್ಯಾಕರ್. ಇದು ಜೇ ಅಲ್ಲ. 1805ರಲ್ಲಿ ಇದನ್ನು ಕಂಡ ಅನ್ವೇಷಕ ಕ್ಯಾಪ್ಟನ್ ಕ್ಲಾರ್ಕ್ ಮರಕುಟಿಗ ಎಂದುಕೊಂಡಿದ್ದ, ಹಾಗಾಗಿ ನೀವು ಗುರುತು ತಪ್ಪಿದರೆ ನಾಚಿಕೆಯೇನೂ ಇಲ್ಲ.

'ಜನರೇ ತಿನ್ನಿಸಿ ತಿನ್ನಿಸಿ ಇವನ್ನು ಹಾಳು ಮಾಡಿದ್ದಾರೆ'

ಇದು ಓದಿಕೊಂಡವರ ತಪ್ಪು ಕಲ್ಪನೆ. ನಂದಿಬೆಟ್ಟದ ಕೋತಿಗಳ ಲೆಕ್ಕವನ್ನೇ ಇಲ್ಲಿಗೂ ಹಾಕುತ್ತಾರೆ: ಮೊದಲು ಹೆದರುತ್ತಿದ್ದವು, ಆಮೇಲೆ ರುಚಿ ಹತ್ತಿತು, ಈಗ ಕಿತ್ತುಕೊಳ್ಳುತ್ತವೆ. ಜೇ ವಿಷಯದಲ್ಲಿ ಇದು ಅರ್ಧ ಸತ್ಯ. ಪದೇ ಪದೇ ಸಿಕ್ಕಿದರೆ ಅದು ಇನ್ನಷ್ಟು ಸಲುಗೆ ಬೆಳೆಸುತ್ತದೆ, ಹೌದು. ಆದರೆ ಚಾರಣದ ದಾರಿ ಇಲ್ಲದ ಕಾಡಿನಲ್ಲೂ ಈ ಹಕ್ಕಿ ಮನುಷ್ಯನ ಬಳಿ ತಾನಾಗಿ ಬರುತ್ತದೆ. ತುಪ್ಪಳದ ಬೇಟೆಗಾರರು, ಮರ ಕಡಿಯುವವರು ಇದನ್ನು 'ಶಿಬಿರಗಳ್ಳ' ಎಂದು ಕರೆದದ್ದು ರಾಷ್ಟ್ರೀಯ ಉದ್ಯಾನಗಳಿಗೆ ಪ್ರವಾಸಿಗರು ಮುತ್ತುವ ಮುಂಚಿನ ಮಾತು. ಕೊಂದ ಪ್ರಾಣಿ ಇರುವಲ್ಲಿ ಮಾಂಸದ ಚೂರು ಇರುತ್ತದೆ. ಕೊಂದದ್ದು ತೋಳವೋ ಮನುಷ್ಯನೋ ಎಂಬುದು ಅದಕ್ಕೆ ಮುಖ್ಯವಲ್ಲ. ಎಲೆ ಉದುರಿ, ಹುಳ ಸತ್ತು, ಹಿಮ ಬಿದ್ದ ಮೇಲೂ ವಲಸೆ ಹೋಗದೆ ಅದೇ ಜಾಗದಲ್ಲಿ ಉಳಿಯುವ ಹಕ್ಕಿಗೆ, ಹೊಸದು ಏನು ಕಂಡರೂ ಹತ್ತಿರ ಹೋಗಿ ನೋಡುವುದು ಬದುಕುವ ದಾರಿ. ಹೀಗಾಗಿ ಅದು ಸಾಧುವೂ ಅಲ್ಲ, ಕೆಟ್ಟುಹೋದದ್ದೂ ಅಲ್ಲ. ನಮ್ಮನ್ನು ದೊಡ್ಡದೊಂದು ಪ್ರಾಣಿ ಎಂದು ನೋಡಿ, ಆಸುಪಾಸಿನಲ್ಲಿ ಏನಾದರೂ ಬಿದ್ದಿದೆಯೇ ಎಂದು ತಪಾಸಣೆ ಮಾಡುತ್ತದೆ. ಖಾಲಿ ಕೈ ಚಾಚಿದರೂ ಎಷ್ಟೋ ಸಲ ಬಂದು ಕೂರುವುದು ಇದಕ್ಕೇ.

'ಪಾಪ, ಹಸಿದಿದೆ'

ನನ್ನ ಡಬ್ಬಿಯಿಂದ ಹೋದ ನಾಲ್ಕು ಕಡಲೆಬೀಜಗಳಲ್ಲಿ ಒಂದನ್ನೂ ಅದು ನನ್ನೆದುರು ತಿನ್ನಲಿಲ್ಲ. ಬಾಯಲ್ಲಿಟ್ಟುಕೊಂಡು ಪಕ್ಕದ ಫರ್ ಮರಕ್ಕೆ ಹೋಗುತ್ತಿತ್ತು, ಬರಿಗೊಕ್ಕಿನಲ್ಲಿ ಬರುತ್ತಿತ್ತು. ಹಸಿವು ಹೀಗಿರುವುದಿಲ್ಲ.

ಉತ್ತರ ಕರ್ನಾಟಕದವರಿಗೆ ಹಗೇವು ಗೊತ್ತು. ನೆಲದಲ್ಲಿ ಗುಂಡಿ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿ ಬರಗಾಲಕ್ಕೆ ಇಡುವ ಕಣಜ. ಜೇ ಹಕ್ಕಿಗೂ ಹಗೇವಿದೆ. ಒಂದೇ ಗುಂಡಿಯ ಬದಲು ಅದು ಸಾವಿರಾರು ಚೂರಾಗಿ ಕಾಡಿನ ತುಂಬ ಹಂಚಿಹೋಗಿದೆ. ಕೆನಡಾ ಜೇಯ ಜೊಲ್ಲಿನ ಗ್ರಂಥಿಗಳು ಅದರ ಗಾತ್ರಕ್ಕೆ ಮೀರಿ ದೊಡ್ಡವು. ಸಿಕ್ಕಿದ ಆಹಾರವನ್ನು ಬಾಯಲ್ಲಿ ಹೊರಳಿಸಿ ಅಂಟಿನ ಉಂಡೆ ಮಾಡುತ್ತದೆ, ತೊಗಟೆಯ ಸಂದಿಯಲ್ಲೋ ಸೂಜಿ ಎಲೆಗಳ ನಡುವೆಯೋ ಒತ್ತಿ ಅಂಟಿಸುತ್ತದೆ, ಕೆಲವೊಮ್ಮೆ ಮೇಲೊಂದು ಕಲ್ಲುಹೂವಿನ ಚೂರು ಮುಚ್ಚುತ್ತದೆ. ಬೇಸಿಗೆಯ ಉದ್ದ ಹಗಲಿನಲ್ಲಿ ಒಂದೇ ದಿನ ಸಾವಿರದವರೆಗೂ ಇಂಥ ಬಚ್ಚಿಡುವಿಕೆ ನಡೆದೀತು ಎಂಬ ಅಂದಾಜಿದೆ. ತಿಂಗಳುಗಳ ನಂತರ ಹಿಮದ ನಡುವೆ ನೆನಪಿನಿಂದ ಹುಡುಕಿ ತೆಗೆಯುತ್ತದೆ.

ಆ ಕಣಜದ ಬಲದಿಂದಲೇ ಅದು ಬೇರೆ ಹಕ್ಕಿಗಳು ಕನಸಿನಲ್ಲೂ ನೆನೆಯದ ಸಾಹಸ ಮಾಡುತ್ತದೆ. ಕೆನಡಾದ ಒಂಟಾರಿಯೊದ ಅಲ್ಗಾಂಕ್ವಿನ್ ಉದ್ಯಾನದಲ್ಲಿ ಇವು ಚಳಿಗಾಲ ಮುಗಿಯುವ ಮುನ್ನವೇ ಗೂಡು ಕಟ್ಟಿ, ಮಾರ್ಚ್‌ನಲ್ಲಿ, ಉಷ್ಣತೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದರೂ ಮೊಟ್ಟೆಯ ಮೇಲೆ ಕೂತಿರುತ್ತವೆ. ಅಲ್ಲಿ ಡ್ಯಾನ್ ಸ್ಟ್ರಿಕ್‌ಲ್ಯಾಂಡ್ ಎಂಬ ತಜ್ಞರು ದಶಕಗಟ್ಟಲೆ ಹಕ್ಕಿಗಳ ಕಾಲಿಗೆ ಬಣ್ಣದ ಬಳೆ ತೊಡಿಸಿ ಒಂದೊಂದರ ಸಂಸಾರವನ್ನೂ ಬರೆದಿಟ್ಟಿದ್ದಾರೆ. ಆ ಸಂಸಾರದ ಕಥೆ ಅಷ್ಟೇನೂ ಮುದ್ದಲ್ಲ. ಜೂನ್‌ನಲ್ಲಿ ಮರಿಗಳ ಪೈಕಿ ಬಲವಾದದ್ದು ಒಡಹುಟ್ಟಿದವನ್ನು ಓಡಿಸಿ ಅಪ್ಪ-ಅಮ್ಮನ ಜತೆ ತಾನೊಂದೇ ಉಳಿಯುತ್ತದೆ. ಓಡಿಹೋದವುಗಳಲ್ಲಿ ಹೆಚ್ಚಿನವು ಚಳಿಗಾಲ ಕಾಣುವುದಿಲ್ಲ. ನಿಮ್ಮ ಬಂಡೆಯ ಬಳಿ ಮೂರು ಹಕ್ಕಿ ಬಂದರೆ ಬಹುಶಃ ಅದು ಗೆದ್ದ ಮರಿಯ ಕುಟುಂಬ.

ಹಗೇವಿಗೆ ನೀರು ನುಗ್ಗಿದರೆ ಏನಾಗುತ್ತದೆಂದು ಹಳ್ಳಿಯವರಿಗೆ ಹೇಳಬೇಕಿಲ್ಲ. ಜೇಯ ಕಣಜಕ್ಕೆ ಶೀತಲಪೆಟ್ಟಿಗೆ ಎಂದರೆ ಚಳಿ. ಶರತ್ಕಾಲ ಬೆಚ್ಚಗಾದರೆ, ಹೆಪ್ಪುಗಟ್ಟಿದ್ದು ಕರಗಿ ಮತ್ತೆ ಹೆಪ್ಪುಗಟ್ಟಿದರೆ, ಅಂಟಿಸಿಟ್ಟದ್ದು ಕೊಳೆಯುತ್ತದೆ. ಅಲ್ಗಾಂಕ್ವಿನ್‌ನಲ್ಲಿ ಇವುಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದಿದೆ. ಬೆಚ್ಚಗಿನ ಶರತ್ಕಾಲದ ನಂತರದ ವಸಂತದಲ್ಲಿ ಮರಿಗಳು ಕಡಿಮೆ ಎಂದು 2006ರಲ್ಲೇ ಸ್ಟ್ರಿಕ್‌ಲ್ಯಾಂಡ್ ಮತ್ತು ಅವರ ಸಹೋದ್ಯೋಗಿ ತೋರಿಸಿದರು. ಸ್ಪ್ರೂಸ್, ಪೈನ್ ಮರದಲ್ಲಿಟ್ಟ ಆಹಾರ ಎಲೆ ಉದುರುವ ಮರದಲ್ಲಿಟ್ಟದ್ದಕ್ಕಿಂತ ಚೆನ್ನಾಗಿ ಉಳಿಯುತ್ತದೆ ಎಂಬುದೂ ಅಲ್ಲಿಂದಲೇ ತಿಳಿಯಿತು.

'ಒಂದು ಕಾಳು ಹಾಕಿದರೆ ಪುಣ್ಯ'. 'ಒಂದು ಕಾಳು ಹಾಕಿದರೆ ಹಕ್ಕಿ ಸಾಯುತ್ತದೆ'

ಎರಡು ಪಕ್ಷದವರೂ ದಾರಿಯಲ್ಲಿ ಜಗಳವಾಡುವುದನ್ನು ಕೇಳಿದ್ದೇನೆ. ನಮ್ಮವರದು ಮೊದಲ ಪಕ್ಷ. ಪಿಂಡ ಕಾಗೆ ಮುಟ್ಟಲಿ ಎಂದು ಕಾದು ನಿಂತವರ ಮಕ್ಕಳು ನಾವು. ಕಾಗೆಯ ನೆಂಟ ತಾನಾಗಿ ಕೈಗೆ ಬಂದರೆ ಇಲ್ಲ ಎನ್ನುವುದು ಹೇಗೆ? ಎರಡನೆಯ ಪಕ್ಷದವರು ಕಾಳು ಹಾಕಿದೊಡನೆ ಹಕ್ಕಿ ಆಹಾರ ಹುಡುಕುವುದನ್ನೇ ಮರೆಯುತ್ತದೆ ಎನ್ನುತ್ತಾರೆ. ಇದಕ್ಕೂ ಆಧಾರ ಸಾಲದು. ಅಲ್ಗಾಂಕ್ವಿನ್‌ನಲ್ಲಿ ಸಂಶೋಧಕರೇ ಹೆಚ್ಚುವರಿ ಆಹಾರ ಕೊಟ್ಟು ನೋಡಿದಾಗ ಆ ಜೋಡಿಗಳ ಸಂತಾನೋತ್ಪತ್ತಿ ಸುಧಾರಿಸಿತ್ತು.

ಹಾಗಾದರೆ ತಿನ್ನಿಸಬಹುದಲ್ಲ? ಇಲ್ಲಿ ಲೆಕ್ಕದಲ್ಲಿ ಬಾರದ ಇನ್ನೊಬ್ಬರಿದ್ದಾರೆ: ನೆರೆಮನೆಯವರು. ಜೇಗಳು ಬೆರಿ, ಹುಳ, ಅಣಬೆಗಳ ಜತೆ ಬೇರೆ ಹಕ್ಕಿಗಳ ಮೊಟ್ಟೆ-ಮರಿಗಳನ್ನೂ ತಿನ್ನುತ್ತವೆ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡುಗಳಲ್ಲಿ ಇದರ ಬೆಲೆ ತೆತ್ತದ್ದು ಮಾರ್ಬಲ್ಡ್ ಮರ್ರೆಲೆಟ್ ಎಂಬ ಪುಟ್ಟ ಕಡಲಹಕ್ಕಿ. ಸಮುದ್ರದಲ್ಲಿ ಮೀನು ಹಿಡಿದು, ಹತ್ತಾರು ಕಿಲೋಮೀಟರ್ ಒಳನಾಡಿಗೆ ಹಾರಿ, ಹಳೆಯ ಮರದ ಪಾಚಿ ಕಟ್ಟಿದ ಕೊಂಬೆಯ ಮೇಲೆ ಒಂದೇ ಒಂದು ಮೊಟ್ಟೆ ಇಡುವ ಹಕ್ಕಿ. ಅದರ ಗೂಡು ಎಲ್ಲಿರುತ್ತದೆಂದು ಅಮೆರಿಕದ ವಿಜ್ಞಾನಿಗಳಿಗೆ ಗೊತ್ತಾದದ್ದೇ 1974ರಲ್ಲಿ, ಬಿಗ್ ಬೇಸಿನ್ ಉದ್ಯಾನದಲ್ಲಿ ಮರ ಹತ್ತಿದವನೊಬ್ಬನಿಗೆ ಅಕಸ್ಮಾತ್ ಸಿಕ್ಕಾಗ. ಅದೇ ಮರಗಳ ಕೆಳಗೆ ಶಿಬಿರಗಳು, ಬಿದ್ದ ಚಿಪ್ಸು, ಬ್ರೆಡ್ಡು. ತುಣುಕುಗಳಿಂದ ಸ್ಟೆಲ್ಲರ್ಸ್ ಜೇಗಳು ದಟ್ಟೈಸಿದವು, ಮೇಲಿನ ಕೊಂಬೆಯ ಒಂಟಿ ಮೊಟ್ಟೆಗಳು ಕಾಣೆಯಾದವು. 1992ರಲ್ಲಿ ಮರ್ರೆಲೆಟ್ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿ ಸೇರಿತು. ಕಾಡು ಕಡಿದದ್ದು ದೊಡ್ಡ ಕಾರಣ, ಉಳಿದ ಕಾಡಿನಲ್ಲಿ ಜೇಗಳ ಕಾಟ ಗಾಯದ ಮೇಲಿನ ಬರೆ. ಉದ್ಯಾನದವರು ಒಂದು ತುಣುಕೂ ಬೀಳದಂತೆ ಊಟ ಮಾಡಿ ಎಂದು ಪ್ರಚಾರಾಂದೋಲನ ನಡೆಸಿದರು. ಅದೂ ಸಾಲದೆ, ಮರ್ರೆಲೆಟ್ ಮೊಟ್ಟೆಯಂತೆ ಬಣ್ಣ ಬಳಿದ ಕೋಳಿಮೊಟ್ಟೆಗಳಿಗೆ ವಾಂತಿ ಬರಿಸುವ ಔಷಧ ತುಂಬಿ ಮರಗಳಲ್ಲಿ ಇಟ್ಟರು. ತಿಂದ ಜೇ ಒದ್ದಾಡಿ, ಆ ಬಣ್ಣದ ಮೊಟ್ಟೆಯೇ ಬೇಡ ಎಂದು ಕಲಿಯಲಿ ಎಂಬ ಉಪಾಯ! ಚಿಪ್ಸಿನ ಚೂರಿಗೆ ಇಷ್ಟು ದೊಡ್ಡ ಪ್ರಾಯಶ್ಚಿತ್ತ.

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಕಾಡುಪ್ರಾಣಿಗೆ ತಿನ್ನಿಸುವುದು ಅಪರಾಧ. 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಸೆರೆ ಆಗಬಹುದು. ತಮಾಷೆಯೆಂದರೆ ನಾಚಿಸ್ ಪೀಕ್ ಸುತ್ತುದಾರಿಯ ಒಂದು ಭಾಗ ಉದ್ಯಾನದೊಳಗೆ, ಇನ್ನೊಂದು ಭಾಗ ಅರಣ್ಯ ಇಲಾಖೆಯ ಕಾಡಿನಲ್ಲಿ. ಹಕ್ಕಿಗೆ ಆ ಗಡಿ ಗೊತ್ತಿಲ್ಲ, ಅಂದು ನನಗೂ ಗೊತ್ತಿರಲಿಲ್ಲ.

'ಒಳ್ಳೆಯ ಫೋಟೊಗೆ ದೊಡ್ಡ ಲೆನ್ಸು ಬೇಕು, ಇಲ್ಲವೇ ಕೈಯಲ್ಲಿ ಕಾಳು ಬೇಕು'

ಎರಡೂ ಬೇಡ. 600 ಮಿಲಿಮೀಟರ್‌ವರೆಗೆ ಹೋಗುವ ಜೂಮ್ ಲೆನ್ಸುಗಳಲ್ಲಿ ಹೆಚ್ಚಿನವು ಎರಡು ಮೀಟರಿಗಿಂತ ಹತ್ತಿರದ್ದನ್ನು ಫೋಕಸ್ ಮಾಡಲಾರವು. ಜೇ ಕೂರುವುದು ಒಂದು ಮಾರು ದೂರದಲ್ಲಿ. ಮೂರು ಕಿಲೋ ಹೊತ್ತು ಬೆಟ್ಟ ಹತ್ತಿದವರು ಕೊನೆಗೆ ಫೋನ್ ತೆಗೆಯುವುದನ್ನು ನೋಡುವುದೇ ಒಂದು ಚೆಂದ. ಇನ್ನು ಹಿಮದಲ್ಲಿ ತೆಗೆದ ಚಿತ್ರ ಮಬ್ಬಾಗಿ ಬರುವುದು: ಕ್ಯಾಮೆರಾದ ಮೀಟರು ಜಗತ್ತೆಲ್ಲ ಮಧ್ಯಮ ಬೂದು ಎಂದೇ ನಂಬಿರುತ್ತದೆ. ಬಿಳಿ ಹಿಮವನ್ನು ಬೂದು ಮಾಡಿ, ಬೂದು ಹಕ್ಕಿಯನ್ನು ಕಪ್ಪು ಮಾಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿ. ಹಾರುವುದನ್ನು ಹಿಡಿಯಬೇಕಾದರೆ ಸೆಕೆಂಡಿನ 1,600ನೇ ಒಂದು ಭಾಗಕ್ಕಿಂತ ನಿಧಾನ ಬೇಡ.

ಕಾಳಿನ ಬದಲು ಅದರ ಚಾಳಿ ಗಮನಿಸಿ. ಜೇ ನೇರವಾಗಿ ಬರುವುದು ಕಡಿಮೆ. ಮೊದಲು ಮರದ ತುದಿಗೆ ಬಂದು ನೋಡುತ್ತದೆ, ಆಮೇಲೆ ಕೆಳಗಿನ ಕೊಂಬೆಗೆ ಇಳಿಯುತ್ತದೆ, ಅಲ್ಲಿಂದ ಸದ್ದಿಲ್ಲದೆ ತೇಲಿ ಬರುತ್ತದೆ. ಆ ಕೆಳಗಿನ ಕೊಂಬೆಗೆ ಫೋಕಸ್ ಇಟ್ಟು, ಡಬ್ಬಿಯ ಮುಚ್ಚಳ ಬಿಗಿದು ಕೂತರೆ ಸಾಕು. ಕಡುಬೂದು ಬಣ್ಣದ್ದು ಕಂಡರೆ ಬೇರೆ ಜಾತಿ ಎಂದುಕೊಳ್ಳಬೇಡಿ, ಅದು ಆ ವರ್ಷದ ಮರಿ.

ಕೈಮೇಲೆ ಕೂತ ಜೇಯ ಚಿತ್ರ ಸಾವಿರಗಟ್ಟಲೆ ಇವೆ, ಎಲ್ಲವೂ ಒಂದೇ ಚಿತ್ರ. ನನಗೆ ಬೇಕಿದ್ದದ್ದು ಆಮೇಲಿನದು, ಕೊಕ್ಕಿನಿಂದ ತೊಗಟೆಗೆ ಉಂಡೆ ಒತ್ತುವ ಗಳಿಗೆ. ನಾಲ್ಕನೆಯ ಬಾರಿ ಹಾರಿದಾಗ ಎದ್ದು ಮೆಲ್ಲಗೆ ಹಿಂದೆ ನಡೆದೆ. ಒಂದೇ ಕ್ಲಿಕ್ ಸಿಕ್ಕಿತು. ಅದರಲ್ಲಿರುವುದು ಫರ್ ಮರದ ಬುಡ, ಸೂಜಿ ಎಲೆಗಳಿಂದ ಹೊರಚಾಚಿದ ಬಾಲ. ಒಗ್ಗರಣೆಯ ಅರಿಶಿನ ಹತ್ತಿದ ನಾಲ್ಕು ಕಡಲೆಬೀಜ ಆ ಮರದ ಎಲ್ಲೋ ಒಳಗಿವೆ. ಮನೆಯ ಗುಂಪಿಗೆ ಅದನ್ನೇ ಕಳಿಸಿದೆ. 'ಹಕ್ಕಿ ಎಲ್ಲಿ?' ಎಂದು ಅಮ್ಮ ಕೇಳಿದ್ದಾಳೆ.