ಮೂರು ತಿಂಗಳಿಂದ ಒಂದೇ ದಿನಕ್ಕೆ: ಗೆಕೆಡೂ ಲ್ಯಾಬ್ ಹೇಳುವ ಪಾಠ

ಇವತ್ತು ಪಶ್ಚಿಮ ಆಫ್ರಿಕಾದ ಲ್ಯಾಬ್‌ಗಳ ಬಗ್ಗೆ ಮಾತಾಡೋಣ. ಆನ್‌ಕಾಲ್ ಡ್ಯೂಟಿ ಮಾಡಿದವರಿಗೆ ಈ ವಿಷಯ ಬೇಗ ಅರ್ಥ ಆಗುತ್ತೆ. ಸರ್ವರ್ ಬಿದ್ದಾಗ ನಾವು ಮೊದಲು ಕೇಳೋದು ಎರಡೇ ಪ್ರಶ್ನೆ: ಯಾವಾಗ ಬಿತ್ತು, ನಮಗೆ ಯಾವಾಗ ಗೊತ್ತಾಯ್ತು? ಇವೆರಡರ ನಡುವಿನ ಅಂತರ ಬೆಳೆದಷ್ಟೂ ನಷ್ಟ ಬೆಳೆಯುತ್ತೆ. ಸಾಂಕ್ರಾಮಿಕ ರೋಗದಲ್ಲೂ ಲೆಕ್ಕ ಇದೇ. ಆದರೆ ಅಲ್ಲಿ ಹೋಗೋದು ಜೀವ.

ಗಿನಿ ದೇಶದ ದಕ್ಷಿಣದ ಕಾಡು ಸೀಮೆಯಲ್ಲಿ ಗೆಕೆಡೂ ಅಂತ ಒಂದು ಊರಿದೆ. ಲೈಬೀರಿಯಾ, ಸಿಯೆರಾ ಲಿಯೋನ್ ಎರಡರ ಗಡಿಯೂ ಹತ್ತಿರ. ಆ ಜಿಲ್ಲೆಯ ಮೆಲಿಯಾಂಡು ಹಳ್ಳಿಯಲ್ಲಿ 2013ರ ಡಿಸೆಂಬರ್‌ನಲ್ಲಿ ಒಂದು ಪುಟ್ಟ ಮಗು ಕಾಯಿಲೆ ಬಿದ್ದು ತೀರಿಕೊಂಡಿತು. ಆಮೇಲೆ ಮನೆಯವರು, ಆರೈಕೆ ಮಾಡಿದವರು ಕೂಡ ಹೋದರು. ಕಾಲರಾ ಇರಬಹುದು ಅನ್ನೋ ಅನುಮಾನ ಬಂತು. ಖಚಿತ ಮಾಡಿಕೊಳ್ಳೋಕೆ ಹತ್ತಿರದಲ್ಲಿ ಲ್ಯಾಬ್ ಇರಲಿಲ್ಲ. ಕೊನೆಗೆ ರಕ್ತದ ಸ್ಯಾಂಪಲ್ ವಿಮಾನ ಹತ್ತಿ ಫ್ರಾನ್ಸಿಗೆ ಹೋಯಿತು. ಅಲ್ಲಿನ ಲಿಯಾನ್ ನಗರದ ಲ್ಯಾಬ್ 'ಇದು ಎಬೋಲಾ' ಅಂದಾಗ 2014ರ ಮಾರ್ಚ್ 22. ಅಂದ್ರೆ ಸುಮಾರು ಮೂರು ತಿಂಗಳು ವೈರಸ್ ಹೆಸರಿಲ್ಲದೆ ಓಡಾಡಿತ್ತು. 2016ರಲ್ಲಿ ಎಲ್ಲ ಮುಗಿಯುವಷ್ಟರಲ್ಲಿ ಸೋಂಕಿತರು 28,600ಕ್ಕೂ ಹೆಚ್ಚು, ಸತ್ತವರು 11,300ಕ್ಕೂ ಹೆಚ್ಚು.

ಅದೇ ವೈರಸ್ 2014ರ ಜುಲೈ 20ರಂದು ವಿಮಾನದಲ್ಲಿ ನೈಜೀರಿಯಾದ ಲಾಗೋಸ್‌ಗೂ ಬಂತು. ಕೋಟಿಗಟ್ಟಲೆ ಜನ ಇರೋ ಮಹಾನಗರ ಅದು. ಆದರೆ ಅಲ್ಲಿ ಪರೀಕ್ಷೆ ಮಾಡೋ ಲ್ಯಾಬ್ ಊರಲ್ಲೇ ಇತ್ತು. ರೋಗಿಯನ್ನು ಆಸ್ಪತ್ರೆಯಿಂದ ಹೊರಗೆ ಬಿಡದ ಡಾ. ಅಮೆಯೊ ಅಡಾಡೆವೊ ಇದ್ದರು. ಮುಂದೆ ಅದೇ ಸೋಂಕಿಗೆ ಅವರೂ ಬಲಿಯಾದರು. ಪೋಲಿಯೊ ನಿರ್ಮೂಲನೆಗೆ ಅಂತ ಮೊದಲೇ ಕಟ್ಟಿದ್ದ ತಂಡಗಳು ಸಂಪರ್ಕಿತರನ್ನು ಹುಡುಕೋಕೆ ಇಳಿದವು. ಒಟ್ಟು 20 ಸೋಂಕು, 8 ಸಾವು. ಅಕ್ಟೋಬರ್ 20ಕ್ಕೆ ನೈಜೀರಿಯಾ ಎಬೋಲಾ ಮುಕ್ತ ಅಂತ ಘೋಷಣೆ ಆಯಿತು.

ಹಾಗಾದ್ರೆ ಒಂದು ಪಿಸಿಆರ್ ಮಷೀನ್ ಕೊಂಡುಕೊಟ್ಟರೆ ಸಾಕಾ? ಸಾಲದು. ಇಲ್ಲಿ ಒಂದು ಸರಪಳಿ ಬೇಕು. ಹಳ್ಳಿಯ ಆರೋಗ್ಯ ಕಾರ್ಯಕರ್ತನಿಗೆ 'ಈ ಸಾವು ಮಾಮೂಲಿ ಅಲ್ಲ' ಅಂತ ಅನ್ನಿಸಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿರಬೇಕು. ಸ್ಯಾಂಪಲ್ ಸುರಕ್ಷಿತವಾಗಿ ತೆಗೆಯೋಕೆ ಕೈಗವಸು ಬೇಕು, ತಣ್ಣಗೆ ಒಯ್ಯೋಕೆ ಡಬ್ಬಿ ಬೇಕು, ಮಳೆಗಾಲದ ಕೆಸರಲ್ಲೂ ಹೋಗೋ ಗಾಡಿ ಬೇಕು. ಲ್ಯಾಬಲ್ಲಿ ಕರೆಂಟ್, ಅವಧಿ ಮೀರದ ಕೆಮಿಕಲ್ ಕಿಟ್, ತರಬೇತಾದ ಟೆಕ್ನೀಷಿಯನ್ ಇರಬೇಕು. ಒಂದು ಕೊಂಡಿ ಕಳಚಿದರೂ ಮಷೀನು ಬಟ್ಟೆ ಹೊದ್ದು ಮೂಲೆಯಲ್ಲಿ ಕೂರುತ್ತೆ, ಅಷ್ಟೇ.

ಈ ಸರಪಳಿ ಕಟ್ಟಿದರೆ ಏನಾಗುತ್ತೆ ಅಂತ ನೋಡೋಕೆ ಮತ್ತೆ ಗೆಕೆಡೂಗೇ ಹೋಗೋಣ. ಎಬೋಲಾ ಕಾಲದಲ್ಲಿ ಯುರೋಪಿನ ಮೊಬೈಲ್ ಲ್ಯಾಬ್ ಬಂದಿಳಿದಿದ್ದು ಇದೇ ಊರಿಗೆ. ಇಂಥ ಜ್ವರಗಳನ್ನು ಪರೀಕ್ಷಿಸೋ ವ್ಯವಸ್ಥೆ ಆಮೇಲೂ ಅಲ್ಲಿ ಉಳಿಯಿತು. 2021ರ ಆಗಸ್ಟ್ 2ರಂದು ಆ ಜಿಲ್ಲೆಯ ಹಳ್ಳಿಯೊಂದರಲ್ಲಿ ಒಬ್ಬ ವ್ಯಕ್ತಿ ಸತ್ತ. ಸ್ಥಳೀಯ ಆರೋಗ್ಯ ಸಿಬ್ಬಂದಿ ಅಲರ್ಟ್ ಕೊಟ್ಟರು. ತಂಡ ಬಂದು ಶವದ ಬಾಯಿಂದ ಸ್ವಾಬ್ ತೆಗೆದು ಅದೇ ದಿನ ಗೆಕೆಡೂ ಲ್ಯಾಬಿಗೆ ಕಳಿಸಿತು. ಮರುದಿನವೇ ಉತ್ತರ ಬಂತು: ಎಬೋಲಾ ಅಲ್ಲ, ಮಾರ್ಬರ್ಗ್. ಪಶ್ಚಿಮ ಆಫ್ರಿಕಾದಲ್ಲಿ ಅದುವರೆಗೆ ಯಾರೂ ನೋಡದ ರೋಗ! ರಾಜಧಾನಿ ಕೊನಾಕ್ರಿಯ ಲ್ಯಾಬ್, ಸೆನೆಗಲ್‌ನ ಡಕಾರ್‌ನಲ್ಲಿರೋ ಪಾಶ್ಚರ್ ಸಂಸ್ಥೆ ಕೂಡ ಅದನ್ನೇ ಖಚಿತಪಡಿಸಿದವು. 170ಕ್ಕೂ ಹೆಚ್ಚು ಸಂಪರ್ಕಿತರ ಮೇಲೆ 21 ದಿನ ನಿಗಾ ಇಟ್ಟರು. ಎರಡನೇ ರೋಗಿ ಸಿಗಲೇ ಇಲ್ಲ. ಇದರಲ್ಲಿ ಅದೃಷ್ಟದ ಪಾಲೂ ಇರಬಹುದು, ಇಲ್ಲ ಅನ್ನಲ್ಲ. ಆದರೆ ಅದೃಷ್ಟವನ್ನೇ ನಂಬಿ ಕೂರಲಿಲ್ಲ ಅನ್ನೋದು ಮುಖ್ಯ.

ನಮ್ಮ ಫೀಲ್ಡಿನವರಿಗೆ ಇನ್ನೊಂದು ವಿಷಯ. ನೈಜೀರಿಯಾದ ಎಬೋಲಾ ಅನುಭವದಿಂದ ಹುಟ್ಟಿದ ಸೋರ್ಮಾಸ್ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ. ಸೋಂಕಿತರನ್ನೂ ಸಂಪರ್ಕಿತರನ್ನೂ ಟ್ರ್ಯಾಕ್ ಮಾಡೋದು ಅದರ ಕೆಲಸ. ಕೋವಿಡ್ ಬಂದಾಗ ಜರ್ಮನಿಯ ಆರೋಗ್ಯ ಕಚೇರಿಗಳೂ ಅದನ್ನು ಬಳಸಿದವು. ಕಲಿಕೆ ಯಾವಾಗಲೂ ಶ್ರೀಮಂತ ದೇಶದಿಂದ ಬಡ ದೇಶಕ್ಕೇ ಹರಿಯುತ್ತೆ ಅಂತೇನಿಲ್ಲ.

ಹತ್ತಿರದ ಲ್ಯಾಬಿನ ಬೆಲೆ ನಮಗೂ ಗೊತ್ತು. 2018ರಲ್ಲಿ ಕೇರಳದ ಕೋಳಿಕೋಡ್‌ಗೆ ನಿಫಾ ಬಂದಾಗ ಅದನ್ನು ಮೊದಲು ಪತ್ತೆ ಮಾಡಿದ್ದು ನಮ್ಮ ಮಣಿಪಾಲದ ಲ್ಯಾಬ್. ಖಚಿತಪಡಿಸಿದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ.

ಈಗ ಚಿಂತೆಯ ಮಾತು. 2016ರಲ್ಲಿ ವಿಶ್ವಬ್ಯಾಂಕ್ ಪಶ್ಚಿಮ ಆಫ್ರಿಕಾದ ರೋಗ ಕಣ್ಗಾವಲಿಗೇ ಅಂತ ರೆಡಿಸ್ ಅನ್ನೋ ಯೋಜನೆ ಶುರು ಮಾಡಿತು. ಇಂಥ ಕೆಲಸಕ್ಕೆ ಹಣ ಕೊಡ್ತಿದ್ದ ಅಮೆರಿಕದ ಯುಎಸ್‌ಏಡ್ 2025ರಲ್ಲಿ ಬಾಗಿಲು ಮುಚ್ಚಿತು. ಕಟ್ಟಡ, ಮಷೀನ್ ಎಲ್ಲ ಇದ್ದ ಹಾಗೇ ಇರುತ್ತೆ. ಮೊದಲು ನಿಲ್ಲೋದು ಕಿಟ್, ಪೆಟ್ರೋಲ್, ಸಂಬಳ. ಏನೂ ಆಗದ ದಿನಗಳಲ್ಲಿ ಮಾನಿಟರಿಂಗ್ ಖರ್ಚು ದಂಡ ಅಂತ ಕಾಣೋದು ಸಹಜ. ಏನೂ ಆಗದೆ ಇರೋದಕ್ಕೆ ಕಾರಣ ಅದೇ ಇರಬಹುದು ಅನ್ನೋದು ಬಜೆಟ್ ಹಾಳೆಯಲ್ಲಿ ಕಾಣಲ್ಲ. ಗೆಕೆಡೂ ಲ್ಯಾಬಿನಲ್ಲಿ ಇವತ್ತು ಏನೂ ಸಿಗಲಿಲ್ಲ ಅಂದ್ರೆ, ಅದು ಒಳ್ಳೆ ಸುದ್ದಿ. ಹಾಗೆ ಹೇಳೋಕೆ ಅಲ್ಲಿ ಯಾರಾದರೂ ಕೂತಿರಬೇಕು, ಅಷ್ಟೇ.