ಅರವತ್ತರ ಮೇಲೆ ಸದ್ದಿಲ್ಲದ ಸವಾರಿ

ಭಾನುವಾರ ಬೆಳಿಗ್ಗೆ ಆರು ಗಂಟೆ. ಪೀಣ್ಯದ ಶೆಡ್ಡುಗಳಲ್ಲಿ ಲೇತ್‌ಗಳು, ಪ್ರೆಸ್ಸುಗಳು ಇನ್ನೂ ನಿದ್ದೆಯಲ್ಲಿರುತ್ತವೆ. ವಾರವಿಡೀ ಲಾರಿ, ಟೆಂಪೋಗಳಿಂದ ಗಿಜಿಗುಡುವ ರಸ್ತೆಗಳು ಒಂದೆರಡು ತಾಸಿನ ಮಟ್ಟಿಗಾದರೂ ಉಸಿರಾಡುವ ಹೊತ್ತು ಇದು. ಹೆಸರಘಟ್ಟದ ಕಡೆ ಹೊರಡುವ ಗಾಡಿಗಳಲ್ಲಿ ಈಚೆಗೆ ಒಂದು ಹೊಸ ಬಗೆ ಕಾಣತೊಡಗಿದೆ. ಸವಾರನ ಹೆಲ್ಮೆಟ್ಟಿನ ಕೆಳಗೆ ನರೆತ ಮೀಸೆ, ಕೊರಳಿಗೆ ಮಫ್ಲರ್, ಬೆನ್ನಿಗೊಂದು ಚಿಕ್ಕ ಚೀಲ. ಗಾಡಿ ಪಕ್ಕದಲ್ಲೇ ಹಾದುಹೋದರೂ ಸದ್ದಿಲ್ಲ. ಟೈರು ರಸ್ತೆಗೆ ಉಜ್ಜುವ ಸಣ್ಣ ಸುಂಯ್‌ಗುಟ್ಟುವಿಕೆ ಅಷ್ಟೆ.

ಕೆಲಸಕ್ಕೆ ಹೊರಟವರಲ್ಲ ಇವರು. ಹಾಲು, ತರಕಾರಿಗೆ ಹೊರಟವರೂ ಅಲ್ಲ. ನಿವೃತ್ತಿಯಾದ ಮೇಲೆ, ಮಕ್ಕಳ ಮದುವೆ ಮುಗಿದ ಮೇಲೆ, ಬರೀ ಖುಷಿಗಾಗಿ ಗಾಡಿ ತೆಗೆದವರು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಎಂದೊಡನೆ ನೆನಪಾಗುವುದು ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಯುವಜನ. ಆದರೆ ಈ ಪ್ರದೇಶಗಳಲ್ಲಿ ಒಂದು ತಲೆಮಾರು ದುಡಿದು ಮುದಿಯಾಗಿದೆ ಎಂಬುದು ಮರೆತೇಹೋಗುತ್ತದೆ. ಆ ತಲೆಮಾರಿಗೆ ದ್ವಿಚಕ್ರ ವಾಹನವೆಂದರೆ ಬರೀ ವಾಹನವಾಗಿರಲಿಲ್ಲ.

ಯಾದವಗಿರಿಯ ಗಾಡಿ

ಜಾಲಹಳ್ಳಿಯಲ್ಲಿ ಎಚ್‌ಎಂಟಿ 1953ರಲ್ಲೂ ಬಿಇಎಲ್ 1954ರಲ್ಲೂ ಹುಟ್ಟಿದವು. ಅವುಗಳ ನೆರಳಿನಲ್ಲೇ ಮುಂದೆ ಪೀಣ್ಯದ ಸಣ್ಣ ಕೈಗಾರಿಕೆಗಳು ಬೆಳೆದವು. ಊರಿನ ಇನ್ನೊಂದು ಕೊನೆಯಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರ ಕನಸಿನಂತೆ ಎಪ್ಪತ್ತರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗದ್ದೆಗಳ ನಡುವೆ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. ಇಲ್ಲೆಲ್ಲ ಕೆಲಸಕ್ಕೆ ಸೇರಿದ ಹುಡುಗರು ಮೊದಲ ಕೆಲವು ವರ್ಷ ಕಂಪನಿ ಬಸ್ಸು ಹಿಡಿದರು. ಆಮೇಲೆ ಸಾಲ ಮಾಡಿಯೋ ಚೀಟಿ ಎತ್ತಿಯೋ ಒಂದು ಗಾಡಿ ಕೊಂಡರು.

ಆ ಗಾಡಿ ಎಷ್ಟೋ ಮನೆಗಳಲ್ಲಿ ಮೈಸೂರಿನದೇ. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರು ಯಾದವಗಿರಿಯಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜೆಕ್ ತಂತ್ರಜ್ಞಾನದ ಜಾವಾ ಹೊರಬಂತು. ಎಪ್ಪತ್ತರ ದಶಕದಲ್ಲಿ ಅದೇ ಯೆಜ್ಡಿ ಆಯಿತು. ಅದರ ಡುಗುಡುಗು ಸದ್ದು ಬೀದಿಯ ತಿರುವಿನಲ್ಲಿ ಕೇಳಿದೊಡನೆ ಮನೆಯವರು ಕಾಫಿಗೆ ನೀರಿಡುತ್ತಿದ್ದ ಕಾಲವದು. ಕಿಕ್ ಹೊಡೆಯುವುದಕ್ಕೂ ಗೇರು ಹಾಕುವುದಕ್ಕೂ ಎಡಗಾಲಿನ ಒಂದೇ ಲಿವರ್. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಪ್ಲಗ್ಗು ಉಜ್ಜುವುದು, ಪಾಯಿಂಟು ಸರಿಮಾಡುವುದು ಗಾಡಿ ಇಟ್ಟವನಿಗೆ ಬಾರದಿದ್ದರೆ ಮರ್ಯಾದೆಗೇ ಕಡಿಮೆ. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಜಾವಾ ಹೆಸರು 2018ರಲ್ಲೂ ಯೆಜ್ಡಿ ಹೆಸರು 2022ರಲ್ಲೂ ಬೇರೆ ಕಂಪನಿಯ ಮೂಲಕ ಮರಳಿದವು. ಹಳೆಯ ಗಾಡಿಗಳ ಅಭಿಮಾನಿಗಳು ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನ ಆಚರಿಸುವುದನ್ನು ಬಿಟ್ಟಿಲ್ಲ.

ಅಭಿಮಾನವೇನೋ ಉಳಿದಿದೆ, ಮಂಡಿ ಉಳಿಯಬೇಕಲ್ಲ! ಅರವತ್ತು ದಾಟಿದವರಿಗೆ ಬೆಳಗಿನ ಚಳಿಯಲ್ಲಿ ನಾಲ್ಕೈದು ಸಲ ಕಿಕ್ ಹೊಡೆಯುವುದು ಶಿಕ್ಷೆ. ಟ್ರಾಫಿಕ್ಕಿನಲ್ಲಿ ಕ್ಲಚ್ ಹಿಡಿದು ಬಿಟ್ಟು ಎಡಗೈ ಜೋಮು ಹಿಡಿಯುತ್ತದೆ. ಹೀಗೆ ಒಂದೊಂದಾಗಿ ಯೆಜ್ಡಿಗಳು ಮಹಡಿ ಮೆಟ್ಟಿಲ ಕೆಳಗೆ ಹಳೆ ಬೆಡ್‌ಶೀಟ್ ಹೊದ್ದು ಕೂತವು. ಬ್ಯಾಟರಿ ಗಾಡಿ ಒಳನುಗ್ಗಿದ್ದು ಈ ಸಂದಿನಲ್ಲಿ. ಇದರಲ್ಲಿ ಕಿಕ್ ಇಲ್ಲ, ಸಾಮಾನ್ಯವಾಗಿ ಕ್ಲಚ್ ಮತ್ತು ಗೇರೂ ಇಲ್ಲ.

ಬೊಮ್ಮಸಂದ್ರದ ಪೀಠಿಕೆ

ವಿದ್ಯುತ್ ವಾಹನ ಬೆಂಗಳೂರಿನ ಹೊರವಲಯಕ್ಕೆ ಹೊಸತೇನಲ್ಲ. ಎಲೆಕ್ಟ್ರಾನಿಕ್ ಸಿಟಿಯ ಪಕ್ಕದ ಬೊಮ್ಮಸಂದ್ರದಲ್ಲಿ ತಯಾರಾದ ಪುಟ್ಟ ರೇವಾ ಕಾರು 2001ರಲ್ಲೇ ರಸ್ತೆಗಿಳಿದು, ಲಂಡನ್ನಿನ ಬೀದಿಗಳಲ್ಲೂ ಓಡಿತು. 2018ರಲ್ಲಿ ಏಥರ್ ಸ್ಕೂಟರು ಮೊದಲು ಮಾರಾಟಕ್ಕೆ ಬಂದದ್ದು ಬೆಂಗಳೂರಿನಲ್ಲಿ. 2020ರಲ್ಲಿ ಬಜಾಜಿನ ಚೇತಕ್ ಬ್ಯಾಟರಿ ಅವತಾರದಲ್ಲಿ ಮರಳಿದಾಗ ಅದಕ್ಕೆ ಮೊದಲು ಸಿಕ್ಕ ಎರಡು ಊರುಗಳು ಪುಣೆ ಮತ್ತು ಬೆಂಗಳೂರು. 2022ರ ನವೆಂಬರಿನಲ್ಲಿ ಬೆಂಗಳೂರಿನದೇ ಆದ ಅಲ್ಟ್ರಾವಯೊಲೆಟ್ ಕಂಪನಿ ಎಫ್77 ಎಂಬ ಪೂರ್ಣ ಪ್ರಮಾಣದ ವಿದ್ಯುತ್ ಮೋಟಾರ್‌ಸೈಕಲ್ ಬಿಡುಗಡೆ ಮಾಡಿತು. 2024ರಲ್ಲಿ ಲೂನಾ ಕೂಡ ಬ್ಯಾಟರಿ ಕಟ್ಟಿಕೊಂಡು ಬಂತು. ಚೇತಕ್, ಲೂನಾ ಎಂಬ ಹೆಸರುಗಳನ್ನು ಕೇಳಿ ಕಣ್ಣರಳಿಸುವವರು ಇಪ್ಪತ್ತರ ಹುಡುಗರಲ್ಲ, ಅವರ ತಾತಂದಿರು.

ಯಾರಿಗೆ ಯಾವುದು?

ಅಂಗಡಿಗೆ ಹೋದರೆ ಮೂರು ಬಗೆಯ ಗಾಡಿಗಳು ಕಣ್ಣಿಗೆ ಬೀಳುತ್ತವೆ. ಮೊದಲನೆಯದು ವಿದ್ಯುತ್ ಸೈಕಲ್. ತುಳಿಯುವುದನ್ನು ಅದು ತಪ್ಪಿಸುವುದಿಲ್ಲ, ಹಗುರ ಮಾಡುತ್ತದೆ. ಪೆಡಲ್ ತುಳಿದಾಗ ಮೋಟಾರು ಹಿಂದಿನಿಂದ ಕೈಕೊಟ್ಟು ತಳ್ಳಿದಂತೆ ನೆರವಾಗುತ್ತದೆ. ಏರು ಬಂದರೆ ಇಳಿದು ನೂಕುವ ಪಾಡಿಲ್ಲ. ಜಪಾನಿನ ಯಮಹಾ ಕಂಪನಿ 1993ರಲ್ಲಿ ಇಂಥ ಸೈಕಲನ್ನು ಮೊದಲು ಮಾರುಕಟ್ಟೆಗೆ ತಂದಿತು. ನಮ್ಮಲ್ಲಿ ಮೋಟಾರಿನ ಶಕ್ತಿ 250 ವಾಟ್ ಮೀರದೆ, ವೇಗ ಗಂಟೆಗೆ 25 ಕಿ.ಮೀ. ದಾಟದೆ ಇರುವ ಅನುಮೋದಿತ ಗಾಡಿಗಳಿಗೆ ನೋಂದಣಿಯೂ ಬೇಡ, ಚಾಲನಾ ಪರವಾನಗಿಯೂ ಬೇಡ.

ಎರಡನೆಯದು ಸ್ಕೂಟರು. ಇದಕ್ಕೆ ಹಸಿರು ನಂಬರ್ ಪ್ಲೇಟು, ವಿಮೆ, ಪರವಾನಗಿ ಎಲ್ಲವೂ ಬೇಕು. ಕಾಲು ಎತ್ತಿ ದಾಟಿಸಬೇಕಾಗಿಲ್ಲ ಎಂಬುದೇ ಹಿರಿಯರಿಗೆ ಇದರ ದೊಡ್ಡ ಅನುಕೂಲ. ಬಹುತೇಕ ಸ್ಕೂಟರುಗಳಲ್ಲಿ ಹಿಂದಕ್ಕೆ ಸರಿಯುವ ವ್ಯವಸ್ಥೆಯೂ ಇರುವುದರಿಂದ ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಸೊಂಟ ಉಳುಕುವಂತೆ ಎಳೆಯಬೇಕಿಲ್ಲ.

ಮೂರನೆಯದು ಮೋಟಾರ್‌ಸೈಕಲ್. ಯೌವನ ಮರಳಿಸುವ ಆಸೆ ಹುಟ್ಟಿಸುವುದು ಇದೇ, ಎಡವಿಸುವುದೂ ಇದೇ. ಎಫ್77ರಂಥ ಗಾಡಿಯ ತೂಕ ಇನ್ನೂರು ಕಿಲೋದ ಆಸುಪಾಸು, ವೇಗ ಗಂಟೆಗೆ ನೂರೈವತ್ತರ ಆಸುಪಾಸು. ಓಡುವಾಗ ತೂಕ ಗೊತ್ತಾಗುವುದಿಲ್ಲ. ಸಿಗ್ನಲಿನಲ್ಲಿ ಒಂದು ಕಡೆಗೆ ವಾಲಿದಾಗ ಗೊತ್ತಾಗುತ್ತದೆ.

ಚಾರ್ಜು ಮುಗಿಯುವ ಮುನ್ನ

ಬ್ಯಾಟರಿ ಗಾಡಿಯ ಸುತ್ತಾಟಕ್ಕೆ ಒಂದು ಲೆಕ್ಕಾಚಾರವಿದೆ. ಕಂಪನಿ ಹೇಳುವ ದೂರವನ್ನು ನಂಬಿ ಹೊರಡುವವರು ದಾರಿಯಲ್ಲಿ ಕೂರುತ್ತಾರೆ. ಏರು, ಎದುರುಗಾಳಿ, ಹಿಂದೆ ಕೂತವರ ತೂಕ, ಹಳತಾದ ಬ್ಯಾಟರಿ ಎಲ್ಲವೂ ಅದರಲ್ಲಿ ತಮ್ಮ ಪಾಲು ಕೀಳುತ್ತವೆ. ಅನುಭವಸ್ಥರು ಹೇಳಿದ ದೂರದ ಮೂರರಲ್ಲಿ ಎರಡು ಪಾಲನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಈ ಮಿತಿಯೇ ಒಂದು ಬಗೆಯಲ್ಲಿ ವರವೂ ಹೌದು. ಪೀಣ್ಯದವರಿಗೆ ಹೆಸರಘಟ್ಟ ಹೇಳಿ ಮಾಡಿಸಿದ ದಾರಿ. 1894ರಲ್ಲಿ ಅರ್ಕಾವತಿಗೆ ಕಟ್ಟೆ ಹಾಕಿ ಬೆಂಗಳೂರಿಗೆ ನೀರು ಕೊಟ್ಟ ಕೆರೆಯ ಏರಿ, ಅದರಾಚೆಯ ಹುಲ್ಲುಗಾವಲು ನೋಡಿಕೊಂಡು ತಿಂಡಿಯ ಹೊತ್ತಿಗೆ ಮನೆ ಸೇರಬಹುದು. ಎಲೆಕ್ಟ್ರಾನಿಕ್ ಸಿಟಿಯವರಿಗೆ ಆನೇಕಲ್ ದಾಟಿದರೆ ಮುತ್ಯಾಲಮಡುವು. ವೈಟ್‌ಫೀಲ್ಡಿನವರಿಗೆ ಹಕ್ಕಿಗಳು ಸೇರುವ ಹೊಸಕೋಟೆ ಕೆರೆ. ಇನ್ನಷ್ಟು ಧೈರ್ಯವಿದ್ದವರು ಶಿವಗಂಗೆಯ ಬುಡದವರೆಗೆ ಹೋಗಿ, ಹೋಟೆಲಿನವರ ಅಪ್ಪಣೆ ಪಡೆದು ಪ್ಲಗ್ ಸಿಕ್ಕಿಸಿ, ಇಡ್ಲಿ ತಿನ್ನುತ್ತ ಕೂರಬಹುದು. ಗಾಡಿಗೆ ಚಾರ್ಜು ಬೇಕಾದ ಹೊತ್ತಿಗೆ ಸವಾರನ ಸೊಂಟಕ್ಕೂ ವಿಶ್ರಾಂತಿ ಬೇಕಾಗಿರುತ್ತದೆ. ಸಾಮಾನ್ಯ ಸ್ಕೂಟರಿನ ಬ್ಯಾಟರಿ ಪೂರ್ತಿ ತುಂಬಲು ಮೂರು ನಾಲ್ಕು ಯೂನಿಟ್ ಕರೆಂಟು ಸಾಕು. ಪಿಂಚಣಿಯಲ್ಲಿ ಬದುಕುವವರಿಗೆ ಇದು ಸಣ್ಣ ಮಾತಲ್ಲ.

ದುಡ್ಡಿಗಿಂತ ದೊಡ್ಡ ಲಾಭವೂ ಇದೆ. ಇಂಗ್ಲೆಂಡಿನ ಸಂಶೋಧಕರು 50ರಿಂದ 83 ವಯಸ್ಸಿನವರನ್ನು ಎಂಟು ವಾರ, ವಾರಕ್ಕೆ ಮೂರು ದಿನ ಅರ್ಧ ಗಂಟೆಯಾದರೂ ಸೈಕಲ್ ತುಳಿಯಲು ಹಚ್ಚಿದರು. ಕೆಲವರಿಗೆ ಮಾಮೂಲಿ ಸೈಕಲ್, ಕೆಲವರಿಗೆ ವಿದ್ಯುತ್ ಸೈಕಲ್. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪಿನವರ ಬುದ್ಧಿಯ ಚುರುಕಿನ ಕೆಲವು ಪರೀಕ್ಷೆಗಳಲ್ಲಿ ಸುಧಾರಣೆ ಕಂಡಿತು. ಮನಸ್ಸಿನ ಆರೋಗ್ಯದ ಮಟ್ಟಿಗೆ ವಿದ್ಯುತ್ ಸೈಕಲ್ಲಿನವರೇ ಒಂದು ಹೆಜ್ಜೆ ಮುಂದಿದ್ದರು. ಬೆವರು ಹರಿಸಿದ್ದಷ್ಟೇ ಇದಕ್ಕೆ ಕಾರಣವಲ್ಲ, ಮನೆಯಿಂದ ಹೊರಬಿದ್ದು ದಾರಿ ನೋಡಿದ್ದೂ ಕಾರಣವಿರಬಹುದು ಎಂಬುದು ಅವರ ಊಹೆ.

ಸದ್ದಿಲ್ಲದ್ದೇ ಅಪಾಯ

ಇಷ್ಟಾದರೂ ಇದನ್ನು ಬರೀ ಸುಖದ ಕಥೆ ಎನ್ನುವಂತಿಲ್ಲ. ಸೈಕಲ್ಲುಗಳ ನಾಡೆನಿಸಿದ ನೆದರ್ಲೆಂಡ್ಸಿನಲ್ಲಿ 2017ರಲ್ಲಿ ಕಾರಿನಲ್ಲಿದ್ದವರಿಗಿಂತ ಹೆಚ್ಚು ಸೈಕಲ್ ಸವಾರರು ರಸ್ತೆಯಲ್ಲಿ ಸತ್ತರು. ವಿದ್ಯುತ್ ಸೈಕಲ್ಲಿನಲ್ಲಿ ಜೀವ ತೆತ್ತವರಲ್ಲಿ ದೊಡ್ಡ ಪಾಲು ಅರವತ್ತೈದು ದಾಟಿದವರದು. ಪ್ರತ್ಯೇಕ ಸೈಕಲ್ ದಾರಿಗಳಿರುವ ದೇಶದ ಗತಿ ಹೀಗಾದರೆ, ಗುಂಡಿ, ಮಣ್ಣುಗುಡ್ಡೆ, ಎದುರುಬದುರು ನುಗ್ಗುವ ವಾಟರ್ ಟ್ಯಾಂಕರುಗಳಿರುವ ನಮ್ಮ ರಸ್ತೆಗಳ ಮಾತೇನು?

ಪೆಟ್ರೋಲ್ ಗಾಡಿಯಲ್ಲಿ ಐವತ್ತು ವರ್ಷ ಪಳಗಿದ ಕೈ ಎಂಬ ಧೈರ್ಯವೇ ಇಲ್ಲಿ ಕೈಕೊಡುತ್ತದೆ. ಪೆಟ್ರೋಲ್ ಎಂಜಿನ್ ಗುಡುಗಿ, ಗೇರು ಬದಲಿಸಿ ನಿಧಾನಕ್ಕೆ ವೇಗ ಏರಿಸುತ್ತಿತ್ತು. ವಿದ್ಯುತ್ ಮೋಟಾರು ಹಿಡಿ ತಿರುವಿದ ಕ್ಷಣದಲ್ಲೇ ತನ್ನ ಬಲವನ್ನೆಲ್ಲ ತೋರುತ್ತದೆ. ಸದ್ದಿಲ್ಲದ್ದರಿಂದ ಗಾಡಿ ಚಾಲೂ ಇರುವುದೇ ಮರೆತು, ನಿಂತಲ್ಲೇ ಹಿಡಿ ತಿರುವಿ ಗೋಡೆಗೆ ಗುದ್ದುವ ಸಂಭವವೂ ಉಂಟು. ಎದುರು ಬರುವ ಮಗುವಿಗೆ, ದನಕ್ಕೆ, ಬೀದಿನಾಯಿಗೆ ಗಾಡಿ ಬಂದದ್ದೇ ತಿಳಿಯುವುದಿಲ್ಲ.

ಮೈಯ ಲೆಕ್ಕವೂ ಬೇರೆ. ಪೊರೆ ಬಂದ ಕಣ್ಣಿಗೆ ಎದುರಿನ ಹೆಡ್‌ಲೈಟು ಕುರುಡು ಮಾಡುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ್ದರೆ ಕಾಲು ನೆಲಕ್ಕೆ ಸರಿಯಾಗಿ ಊರಿತೋ ಇಲ್ಲವೋ ತಿಳಿಯದು. ಮಾತ್ರೆ ನುಂಗಿ ತಿಂಡಿ ತಿನ್ನದೆ ಹೊರಟರೆ ತಲೆಸುತ್ತು. ಇಪ್ಪತ್ತರಲ್ಲಿ ಬಿದ್ದರೆ ಮೊಣಕೈ ತರಚುತ್ತದೆ, ಎಪ್ಪತ್ತರಲ್ಲಿ ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ. ಹಾಗೆ ಮುರಿದ ಮೂಳೆಯಿಂದ ಹಾಸಿಗೆ ಹಿಡಿದು ಮೇಲೇಳದವರು ಎಷ್ಟೋ ಮಂದಿ.

ಕಾನೂನೂ ಇದನ್ನು ಬಲ್ಲದು. ಐವತ್ತೈದು ದಾಟಿದವರಿಗೆ ಚಾಲನಾ ಪರವಾನಗಿ ಒಮ್ಮೆಗೆ ಐದೇ ವರ್ಷ ಸಿಗುತ್ತದೆ, ಜೊತೆಗೆ ವೈದ್ಯರ ಪ್ರಮಾಣಪತ್ರ ಬೇಕು. ಪ್ರಮಾಣಪತ್ರವನ್ನು ಬರೀ ಕಾಗದವೆಂದು ತಿಳಿಯದೆ ನಿಜವಾಗಿ ಕಣ್ಣು, ಕಿವಿ ತೋರಿಸಿಕೊಳ್ಳುವುದು ಮೊದಲ ಕೆಲಸ. ಆಮೇಲೆ ಖಾಲಿ ಮೈದಾನದಲ್ಲಿ ಒಂದು ವಾರ ಅಭ್ಯಾಸ, ಗಾಡಿಯಲ್ಲಿ ಮಂದವೇಗದ ಆಯ್ಕೆ, ಐಎಸ್‌ಐ ಗುರುತಿನ ಹೆಲ್ಮೆಟ್, ಕತ್ತಲಾದ ಮೇಲೆ ಮತ್ತು ಮಳೆಯಲ್ಲಿ ಗಾಡಿ ಮುಟ್ಟದಿರುವ ನಿಯಮ. 2022ರಲ್ಲಿ ದೇಶದ ಹಲವೆಡೆ ಬ್ಯಾಟರಿಗಳಿಗೆ ಬೆಂಕಿ ಬಿದ್ದ ಮೇಲೆ ಪರೀಕ್ಷೆಯ ನಿಯಮಗಳು ಬಿಗಿಯಾದವು. ಆದರೂ ಕಂಪನಿಯ ಚಾರ್ಜರನ್ನೇ ಬಳಸುವುದು, ಬಿಸಿಯಾದ ಬ್ಯಾಟರಿಯನ್ನು ಬಂದೊಡನೆ ಚಾರ್ಜಿಗೆ ಹಾಕದಿರುವುದು ಲೇಸು.

ಕೀ ಯಾರ ಕೈಯಲ್ಲಿ?

ಇಷ್ಟೆಲ್ಲ ಎಚ್ಚರ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಅದು ಮನೆಯ ಊಟದ ಮೇಜಿನ ಮೇಲೆ ಇತ್ಯರ್ಥವಾಗಬೇಕಾದದ್ದು. "ಅಪ್ಪಾ, ಸಾಕು ಇನ್ನು. ಎಲ್ಲಿಗೆ ಬೇಕಾದರೂ ಕ್ಯಾಬ್ ಹಾಕಿಕೊಡ್ತೀನಿ, ಕೀ ಕೊಟ್ಟುಬಿಡಿ" ಎನ್ನುವ ಮಗ ಕೆಟ್ಟವನಲ್ಲ. ಅವನ ಹೆದರಿಕೆ ನಿಜ. "ನಿನಗೆ ಗಾಡಿ ಕಲಿಸಿದ್ದೇ ನಾನು ಕಣೋ" ಎನ್ನುವ ಅಪ್ಪನ ಸಿಟ್ಟೂ ನಿಜ. ಎಂಟನೆಯ ಮಹಡಿಯ ಫ್ಲಾಟಿನಲ್ಲಿ, ಗುರುತಿನವರಿಲ್ಲದ ಬಡಾವಣೆಯಲ್ಲಿ, ಫೋನಿನಲ್ಲಿ ಕ್ಯಾಬ್ ಕರೆಯಲು ಮೊಮ್ಮಗಳನ್ನು ಕೇಳಬೇಕಾದ ಮನುಷ್ಯನಿಗೆ ತಾನೇ ತೀರ್ಮಾನಿಸಿ ಹೊರಡುವ ಆ ಎರಡು ತಾಸು ಏನು ಎಂಬುದು ಕೀ ಕಳೆದುಕೊಂಡವರಿಗೇ ಗೊತ್ತು.

ಜಗಳವಾಡುವ ಬದಲು ಕೆಲವು ಮನೆಗಳು ಮಧ್ಯದ ದಾರಿ ಕಂಡುಕೊಳ್ಳುತ್ತವೆ. ಮೋಟಾರ್‌ಸೈಕಲ್ ಬೇಡ, ಸ್ಕೂಟರು ಆಗಲಿ. ಸ್ಕೂಟರೂ ಭಾರವಾದಾಗ ವಿದ್ಯುತ್ ಸೈಕಲ್. ಒಂಟಿಯಾಗಿ ಬೇಡ, ಗೆಳೆಯರೊಬ್ಬರ ಜೊತೆ. ಭಾನುವಾರ ಬೆಳಿಗ್ಗೆ ಮಾತ್ರ, ಬಿಸಿಲೇರುವ ಮುನ್ನ ವಾಪಸ್ಸು. ಅಪ್ಪ ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ, ಆದರೆ ತಾವೇ ಇಳಿಯುತ್ತಾರೆ, ಯಾರೂ ತಳ್ಳುವುದಿಲ್ಲ. ಬ್ಯಾಟರಿ ಗಾಡಿ ಯೌವನವನ್ನಂತೂ ಮರಳಿಸುವುದಿಲ್ಲ. ಕೀ ಕೊಡುವ ದಿನವನ್ನು ಕೆಲವು ವರ್ಷ ಮುಂದಕ್ಕೆ ಹಾಕಬಲ್ಲದು.

ಎಂಟೂವರೆಯ ಹೊತ್ತಿಗೆ ಪೀಣ್ಯದ ರಸ್ತೆಗೆ ಮತ್ತೆ ಟೆಂಪೋಗಳು ಬರತೊಡಗುತ್ತವೆ. ಹೆಸರಘಟ್ಟಕ್ಕೆ ಹೋದವರು ಒಬ್ಬೊಬ್ಬರಾಗಿ ಮರಳುತ್ತಾರೆ. ಹಿಂದೆ ಯೆಜ್ಡಿಯ ಸದ್ದು ಕೇಳಿ ಕಾಫಿಗೆ ನೀರಿಡುತ್ತಿದ್ದ ಮನೆಯವರು ಈಗ ಬಾಲ್ಕನಿಯಲ್ಲಿ ನಿಂತು ದಾರಿ ನೋಡಬೇಕು, ಗಾಡಿ ಬಂದದ್ದು ಕೇಳುವುದಿಲ್ಲವಲ್ಲ. ಕೆಳಗೆ ಗೇಟು ಕಿರ್ರೆಂದ ಮೇಲೆಯೇ ಅವರು ನಿಟ್ಟುಸಿರು ಬಿಟ್ಟು ಒಳಗೆ ಹೋಗಿ ಒಲೆ ಹಚ್ಚುವುದು.